ಕಪ್ಪು ಸ್ಕ್ರೀನು, ಅಪ್ಪನ ಬರವಣಿಗೆ

ಸ್ಕ್ರೀನು ಕಪ್ಪಾಯ್ತು ಅಂದ ತಕ್ಷಣ ಗ್ರಾಫಿಕ್ಸ್ ಕಾರ್ಡೇ ಹೋಯ್ತು ಅನ್ಕೋಬೇಡಿ. ಅಪ್ಪನ ಕಂಪ್ಯೂಟರಲ್ಲಿರೋದು ಜೀಫೋರ್ಸ್ 210. ಅದಕ್ಕೆ ಹೊಂದೋದು 340 ಸರಣಿಯ ಡ್ರೈವರ್. ಆ ಸರಣಿ 2019ಕ್ಕೇ ನಿಂತಿದೆ. ಲಿನಕ್ಸ್ ಕರ್ನಲ್ ಮಾತ್ರ ಮುಂದೆ ಹೋಗ್ತಾನೇ ಇರುತ್ತೆ. ಒಂದು ಅಪ್‌ಡೇಟ್ ಆದ್ಮೇಲೆ ಎರಡಕ್ಕೂ ಹೊಂದಾಣಿಕೆ ತಪ್ಪಿತು.

ಅಂಗಡಿಯವರು ಹೊಸದೇ ತಗೊಳ್ಳಿ ಅಂದ್ರಂತೆ. "ಹಳೇದಲ್ವೇನಮ್ಮ, ಬಿಡು," ಅಂದ್ರು ಅಪ್ಪ. ಅವರು ಮನೆತನದ ಕಥೆ ಬರೀತಾ ಅಮ್ಮನ ಮದುವೆವರೆಗೆ ಬಂದಿದ್ರು. ಅಮ್ಮ ಈಗಿಲ್ಲ. ಫೈಲು ಡಿಸ್ಕಲ್ಲಿ ಭದ್ರವಾಗೇ ಇತ್ತು, ಆದ್ರೆ ಬರೆಯೋ ಮನಸ್ಸು ಒಮ್ಮೆ ಮುರಿದ್ರೆ ಕೂಡೋದು ಕಷ್ಟ.

ಫೋನಲ್ಲೇ ಶುರು ಮಾಡಿದ್ವಿ. ಆನ್ ಆಗುವಾಗ ಶಿಫ್ಟ್ ಒತ್ತಿ ಹಿಡಿದ್ರೆ ಗ್ರಬ್ ಮೆನು. ಅಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ, ಎಫ್10. ಒಂದೊಂದು ಅಕ್ಷರಾನೂ ಎರಡೆರಡು ಸಲ ಹೇಳಿಸ್ಕೊಂಡ್ರು, ಮೇಷ್ಟ್ರು ನೋಡಿ! ಡೆಸ್ಕ್‌ಟಾಪ್ ಮಸುಕಾಗಿ ಬಂತು. ಹಳೇ ಡ್ರೈವರನ್ನ ಪೂರ್ತಿ ಕಿತ್ತುಹಾಕಿ ರೀಸ್ಟಾರ್ಟ್ ಮಾಡಿದ್ವಿ. ಕರ್ನಲ್ ಜೊತೆಗೇ ಬರೋ ನೂವೋ ಡ್ರೈವರ್ ಕೆಲಸ ವಹಿಸ್ಕೊಂಡಿತು. ಗೇಮ್ ಆಡೋಕೆ ಸಾಲದು. ಕನ್ನಡ ಟೈಪ್ ಮಾಡೋಕೆ ಧಾರಾಳ.

ಮದುವೆಯ ಅಧ್ಯಾಯವೇ ಹದಿನಾರು ಪುಟ ದಾಟಿದೆಯಂತೆ.