ಯಂತ್ರದ ಮೂಗು

ಉಸಿರಾಡುವುದು ಜೀವಿಗಳ ಲಕ್ಷಣ ಎಂದು ನಾವೆಲ್ಲ ಚಿಕ್ಕ ತರಗತಿಯಲ್ಲಿ ಬಾಯಿಪಾಠ ಮಾಡಿದವರು. ಪಾಠ ಸುಳ್ಳಲ್ಲ. ಆದರೂ ನಮ್ಮ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮಷಿನ್ನಿನ ಸದ್ದು ಕೇಳಿದಾಗಲೆಲ್ಲ ಆ ಪಾಠಕ್ಕೆ ಒಂದು ಸಾಲು ಸೇರಿಸಬೇಕು ಅನ್ನಿಸುತ್ತದೆ. ಈ ಯಂತ್ರವೂ ಉಸಿರಾಡುತ್ತದೆ. ಅದಕ್ಕೊಂದು ಮೂಗಿದೆ. ಮೂಗು ಕಟ್ಟಿದರೆ ನಮ್ಮ ಹಾಗೆಯೇ ಮುಕ್ಕರಿಯುತ್ತದೆ, ಏದುಸಿರು ಬಿಡುತ್ತದೆ, ಕೊನೆಗೆ ಮುಷ್ಕರ ಹೂಡುತ್ತದೆ.

ಶಿರಸಿ ಕಡೆಯ ತೋಟಗಳಲ್ಲಿ ಹಿಂದೆ ಹೆಣ್ಣಾಳುಗಳು ಸಾಲಾಗಿ ಕುಳಿತು ಕತ್ತಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ದನಗಳಿಗೆ ಹಸಿಹುಲ್ಲೂ ಆಯಿತು, ತೋಟವೂ ಚೊಕ್ಕಟವಾಯಿತು. ಆಳುಗಳು ಸಿಗುವುದು ಕಷ್ಟವಾಗಿ, ಕೊಟ್ಟಿಗೆಯಲ್ಲಿ ದನಗಳೂ ಕಡಿಮೆಯಾದ ಮೇಲೆ ಪೆಟ್ರೋಲಿನ ಮಷಿನ್ ಬಂತು. ಹೆಗಲಿಗೆ ತೂಗುಹಾಕಿಕೊಂಡು, ಉದ್ದ ಕೋಲಿನ ತುದಿಯ ಅಲಗನ್ನು ಅತ್ತಿತ್ತ ಬೀಸುತ್ತ ಹೋದರೆ ಆಯಿತು. ಹತ್ತು ಜನರ ಕೆಲಸ ಒಬ್ಬನೇ ಮುಗಿಸುತ್ತಾನೆ.

ಎಂಜಿನ್ನಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಅದರೊಳಗೆ ಅಂಗೈ ಅಗಲದ ಸ್ಪಂಜು. ಇದೇ ಏರ್ ಫಿಲ್ಟರು. ಕೆಲವು ಯಂತ್ರಗಳಲ್ಲಿ ಸ್ಪಂಜಿನ ಬದಲು ಮಡಿಕೆ ಮಡಿಕೆಯಾದ ಕಾಗದ ಇರುತ್ತದೆ. ಇಷ್ಟು ಸಣ್ಣ ವಸ್ತುವಿಗೆ ಎಷ್ಟು ಕೆಲಸವಿದೆ ಎಂಬುದನ್ನು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ! ಮನೆಯ ಮೇಲಿರುವ 1,000 ಲೀಟರಿನ ನೀರಿನ ಟ್ಯಾಂಕನ್ನು ನೆನೆಯಿರಿ. ಅಂಥ ಒಂಬತ್ತು ಟ್ಯಾಂಕುಗಳಷ್ಟು ಗಾಳಿ ಆ ಅಂಗೈ ಅಗಲದ ಸ್ಪಂಜಿನ ಮೂಲಕ ಸೋಸಿ ಒಳಗೆ ಹೋಗಬೇಕು.

ಹೊರಗಿನ ಗಾಳಿಯಾದರೂ ಎಂಥದು? ಕೊನೆಕೊಯ್ಲಿಗೆ ಮುಂಚೆ ತೋಟ ಸವರುವ ಹೊತ್ತಿಗೆ ಹುಲ್ಲು ಒಣಗಿರುತ್ತದೆ. ಅಲಗು ತಗುಲಿದೊಡನೆ ಹುಲ್ಲಿನ ಪುಡಿ, ಹೂವಿನ ಪರಾಗ, ಕೆಂಪು ಧೂಳು ಎಲ್ಲ ಒಟ್ಟಿಗೆ ಮೇಲೇಳುತ್ತವೆ. ಫಿಲ್ಟರು ಇವನ್ನೆಲ್ಲ ತಡೆದು ತಡೆದು ತಾನೇ ಕಟ್ಟಿಕೊಳ್ಳುತ್ತದೆ. ಆಗ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಯಂತ್ರದ ಶಕ್ತಿ ಕುಂದುತ್ತದೆ. ಜನ ಪ್ಲಗ್ ಬದಲಿಸುತ್ತಾರೆ, ಕಾರ್ಬುರೇಟರ್ ಬಿಚ್ಚಿಸುತ್ತಾರೆ, ಪೆಟ್ರೋಲ್ ಬಂಕಿನವನನ್ನು ಬೈಯುತ್ತಾರೆ. ಮೂಗನ್ನು ಮಾತ್ರ ನೋಡುವುದಿಲ್ಲ. ರಿಪೇರಿಯ ಖರ್ಚು ನೋಡಿದರೆ ಮೂಗಿಗಿಂತ ಮೂಗುತಿ ಭಾರ.

ಸ್ಪಂಜಿನ ಆರೈಕೆ ಅಡುಗೆಮನೆಯ ಕೆಲಸಕ್ಕಿಂತ ಕಷ್ಟದ್ದಲ್ಲ. ಮೊದಲು ಚೋಕ್ ಮುಚ್ಚಬೇಕು. ಇಲ್ಲದಿದ್ದರೆ ಮುಚ್ಚಳ ತೆಗೆಯುವಾಗ ಉದುರುವ ಧೂಳು ನೇರ ಕಾರ್ಬುರೇಟರಿನ ಬಾಯಿಗೆ ಬೀಳುತ್ತದೆ. ಸುತ್ತಲಿನ ಕಸವನ್ನು ಬ್ರಶ್ಶಿನಿಂದ ಒರಸಿ, ಸ್ಪಂಜನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅದುಮಿ ಅದುಮಿ ತೊಳೆಯಬೇಕು. ಬಟ್ಟೆಯ ಹಾಗೆ ಹಿಂಡಿ ತಿರುಚಿದರೆ ಹರಿಯುತ್ತದೆ. ಬೇಗ ಆರಲೆಂದು ಪೆಟ್ರೋಲಿನಲ್ಲಿ ತೊಳೆಯುವುದು ಬೆಂಕಿಯ ಜೊತೆ ಸರಸ. ನೆರಳಿನಲ್ಲಿ ಪೂರ್ತಿ ಆರಿದ ಮೇಲೆ, ಎಣ್ಣೆ ಹಾಕುವ ಜಾತಿಯ ಸ್ಪಂಜಾದರೆ ಎರಡು ತೊಟ್ಟು ಎಂಜಿನ್ ಆಯಿಲ್ ಸವರಿ, ಹೆಚ್ಚಾದದ್ದನ್ನು ಅದುಮಿ ತೆಗೆಯಬೇಕು. ಕಾಗದದ ಫಿಲ್ಟರಿಗೆ ನೀರು ಸೋಕಿಸಬಾರದು. ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು ಅಷ್ಟೆ. ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬರದಿದ್ದರೆ ಅದರ ಆಯುಸ್ಸು ಮುಗಿಯಿತೆಂದು ಲೆಕ್ಕ. ಸ್ಪಂಜು ಪುಡಿಯುದುರಿದರೆ, ತೂತಾದರೆ ಹೊಸದೇ ಬೇಕು. ಹೊಸದನ್ನೂ ಅಂಚಿನಲ್ಲಿ ಸಂದು ಉಳಿಯದಂತೆ ಕೂರಿಸಬೇಕು.

ಫಿಲ್ಟರೇ ಬೇಡವೆಂದು ಕಿತ್ತೆಸೆದು ಓಡಿಸುವ ಧೀರರೂ ಇದ್ದಾರೆ. ಆ ದಿನ ಯಂತ್ರ ಚುರುಕಾಗಿಯೇ ಓಡುತ್ತದೆ. ಆದರೆ ಒಳಗೆ ಹೋದ ಮರಳಿನ ಸಣ್ಣ ಕಣಗಳು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸಿಕ್ಕಿ ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಆ ಸವೆತಕ್ಕೆ ಮದ್ದಿಲ್ಲ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಮೂಗು ಮೊದಲಿನಿಂದ ಇದ್ದದ್ದಲ್ಲ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲುಹಾಸು ಕತ್ತರಿಸುವ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸಮ ಮಾಡುವ ಯಂತ್ರ ನೋಡಿ ಅವನಿಗೆ ಅದು ಹೊಳೆಯಿತಂತೆ. ಅದಕ್ಕೆ ಎಂಜಿನ್ ಇರಲಿಲ್ಲ, ಮನುಷ್ಯನೇ ತಳ್ಳಬೇಕು. ಉಸಿರು ಪೂರ್ತಿ ತಳ್ಳುವವನದೇ. ಎಂಜಿನ್ ಬಂದ ಮೇಲೆ ಉಸಿರಾಡುವವರು ಇಬ್ಬರಾದರು. ಮೂಗಿಗೆ ಜರಡಿ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ನಮ್ಮಲ್ಲಿ ಹುಲ್ಲು ಹೊಡೆಯಲು ಬರುವ ಹುಡುಗ ಹೋದ ಸಲ ಕೆಲಸ ಮುಗಿಸಿ ಜಗಲಿಯ ಮೇಲೆ ಕುಳಿತು ಹೇಳಿದ:

"ಅಕ್ಕೋರೆ, ಮಷಿನ್ನಿಗೆ ಹೊಸ ಸ್ಪಂಜು ಬೇಕು. ಇದು ಉಸಿರು ಕಟ್ಟಿ ಸಾಯ್ತದೆ."

ಹೇಳುತ್ತಲೇ ಕೆಮ್ಮಿದ. ಮುಖಕ್ಕೆ ಸುತ್ತಿದ್ದ ಟವೆಲ್ಲಿನ ಒಳಮೈಯೂ ಹಸಿರು ಹಸಿರಾಗಿತ್ತು.

"ನಿನಗೆಂಥದು ಬೇಕೊ ತಮ್ಮಾ?"

"ನನಗೇನ್ರಾ, ಚಾ ಸಾಕು" ಎಂದು ನಕ್ಕ.

ಅವನು ನಕ್ಕರೂ ನನಗೆ ಮೇಷ್ಟ್ರ ಲೆಕ್ಕ ನೆನಪಾಯಿತು. ಮೈಮುರಿದು ದುಡಿಯುವ ಮನುಷ್ಯ ನಿಮಿಷಕ್ಕೆ ಸುಮಾರು 30 ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಐದು ತಾಸಿಗೆ 9,000 ಲೀಟರ್. ಒಂದು ಲೀಟರ್ ಪೆಟ್ರೋಲಿನಷ್ಟೇ ಗಾಳಿ, ಅದೇ ಧೂಳು, ಅದೇ ಪರಾಗ. ಮೇಲಿಂದ ಯಂತ್ರ ಬಿಟ್ಟ ಹೊಗೆ ಬೇರೆ. ಸಿಲಿಂಡರ್ ಸವೆದರೆ ಪೇಟೆಯಲ್ಲಿ ಇನ್ನೊಂದು ಸಿಕ್ಕೀತು. ಅವನ ಎದೆಗೂಡಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಇಲ್ಲ.

ಮರುದಿನ ಫಿಲ್ಟರು ತರಲು ಹೋದವಳು ಔಷಧಿ ಅಂಗಡಿಯಿಂದ ಎನ್-95 ಮಾಸ್ಕುಗಳನ್ನೂ ತಂದೆ. 2020ರ ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಇದ್ದ ಮಾಸ್ಕು ಈಗ ಕೇಳಿ ಪಡೆಯುವ ವಸ್ತು. ಹುಡುಗ ಹತ್ತು ನಿಮಿಷ ಹಾಕಿಕೊಂಡು, "ಸೆಕೆ ಅಕ್ಕೋರೆ, ಆಗೂದಿಲ್ಲ" ಎಂದು ಗಲ್ಲಕ್ಕೆ ಇಳಿಸಿದ. ಅವನ ಮಾತೂ ಸುಳ್ಳಲ್ಲ. ಅದಕ್ಕೇ ಒಂದು ಒಪ್ಪಂದವಾಗಿದೆ: ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಕೆಲಸ ಶುರು, ಹಸಿಯಿದ್ದರೆ ಧೂಳು ಕಡಿಮೆ, ಯಂತ್ರಕ್ಕೆ ಪೆಟ್ರೋಲು ತುಂಬುವಾಗಲೆಲ್ಲ ದೂರ ಬಂದು ಮಾಸ್ಕು ತೆಗೆದು ವಿಶ್ರಾಂತಿ, ಬಿಸಿಲೇರಿದ ಮೇಲೆ ಇಬ್ಬರಿಗೂ ರಜೆ. ಕೆಲಸ ಒಂದು ದಿನದ ಬದಲು ಎರಡು ದಿನ ಹಿಡಿಯುತ್ತದೆ, ಎರಡೂ ದಿನದ ಪೂರ್ತಿ ಕೂಲಿ ಕೊಡುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಮಷಿನ್ ಇದ್ದರೆ ಈ ವಾರವೇ ಮುಚ್ಚಳ ತೆಗೆದು ನೋಡಿ. ಹೊಸ ಸ್ಪಂಜು ಕೊಳ್ಳಬೇಕಾಗಿ ಬಂದರೆ ಎರಡು ಮೂಗುಗಳ ಲೆಕ್ಕ ಹಿಡಿದುಕೊಂಡೇ ಪೇಟೆಗೆ ಹೋಗಿ.