ತಾಳೆಯ ಹಸಿರು, ಕಾಡಿನ ಹಸಿರು

ನಾವು ಮಲೇಷ್ಯಾದಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಊರಿನಿಂದ ಬರುವ ಬಂಧುಗಳು ಕೌಲಾಲಂಪುರದ ವಿಮಾನ ನಿಲ್ದಾಣದಿಂದ ಹೊರಬೀಳುತ್ತಲೇ "ಸುಬ್‌ಹಾನಲ್ಲಾಹ್, ಎಂಥ ಹಸಿರು!" ಎಂದು ಉದ್ಗರಿಸುತ್ತಾರೆ. ರಸ್ತೆಯ ಇಕ್ಕೆಲಗಳಲ್ಲಿ ಬಹುಮಟ್ಟಿಗೆ ಇರುವುದು ಎಣ್ಣೆ ತಾಳೆಯ ತೋಟವೆಂದು ಒಡನೆಯೇ ಹೇಳಲು ನಮಗೆ ಮನಸ್ಸಾಗುವುದಿಲ್ಲ. ಅತಿಥಿಯ ಕಣ್ಣಿಗೆ ಹಸಿರೆಲ್ಲವೂ ಒಂದೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ನಾಡಿನ ಅನ್ನವುಂಡು ಬಾಳುವವರು ಅದರ ಸೌಂದರ್ಯವನ್ನು ಅಷ್ಟಕ್ಕೇ ಮೆಚ್ಚಿ ಸುಮ್ಮನಾಗುವಂತಿಲ್ಲ.

ಭೂಮಧ್ಯರೇಖೆಯ ಸಮೀಪದ ಬದುಕಿಗೆ ಋತುಗಳ ಏರಿಳಿತವಿಲ್ಲ. ವರ್ಷಪೂರ್ತಿ ಮಗ್ರಿಬ್ ಏಳರಿಂದ ಏಳೂವರೆಯ ನಡುವೆಯೇ ಸುಳಿಯುತ್ತದೆ. ರಮಝಾನ್ ಯಾವ ತಿಂಗಳಿಗೆ ಬಂದರೂ ಉಪವಾಸದ ಅವಧಿ ಹೆಚ್ಚುಕಡಿಮೆ ಅಷ್ಟೇ. ಕರಾವಳಿಯ ನಮಗೆ ಜೂನ್ ತಿಂಗಳ ಮೊದಲ ಮಳೆಯೆಂದರೆ ಹಬ್ಬವಿದ್ದಂತೆ. ಇಲ್ಲಿಯಾದರೋ ಎಷ್ಟೋ ದಿನ ಮಧ್ಯಾಹ್ನ ಗುಡುಗು, ಅಸರ್‌ನ ಹೊತ್ತಿಗೆ ಧಾರಾಕಾರ ಮಳೆ. ದಿನವೂ ದೊರೆಯುವುದು ಬಹುಬೇಗ ಕಣ್ಣಿಗೆ ಕಾಣದಾಗುತ್ತದೆ. ಪ್ರವಾದಿವರ್ಯರು(ಸ) ಮಳೆ ಬಂದಾಗ ಮೈಮೇಲಿನ ಬಟ್ಟೆಯನ್ನು ತುಸು ಸರಿಸಿ ಹನಿಗಳನ್ನು ಮೈಗೆ ಸೋಕಿಸಿಕೊಂಡರೆಂದೂ, ಅದು ಪ್ರಭುವಿನ ಬಳಿಯಿಂದ ಆಗಷ್ಟೇ ಬಂದುದೆಂದು ಅದಕ್ಕೆ ಕಾರಣ ನೀಡಿದರೆಂದೂ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಮರಳುನಾಡಿನಲ್ಲಿ ಅಪರೂಪವಾಗಿದ್ದ ಮಳೆಯ ಕುರಿತ ಈ ಸುನ್ನತ್ತು, ಮಳೆ ಹಳತಾಗಿಬಿಟ್ಟಿರುವ ನಮ್ಮಂಥವರಿಗೇ ಹೆಚ್ಚು ಅಗತ್ಯವೆಂದು ನಮಗೆ ಅನಿಸುತ್ತದೆ. ನಮ್ಮ ಮಕ್ಕಳಿಗೆ ಬಾಲ್ಕನಿಯಿಂದ ಕೈ ಚಾಚಲು ಹೇಳುತ್ತೇವೆ. (ನೆಗಡಿಯಾಗುತ್ತದೆಂದು ಊರಿನಿಂದ ಫೋನಿನಲ್ಲಿ ಅಜ್ಜಿ ಗದರುವುದೂ ಉಂಟು.)

ಕೌಲಾಲಂಪುರದ ಅಂಚಿನ ಕೆಪೋಂಗ್‌ನಲ್ಲಿ ಮಲೇಷ್ಯಾದ ಅರಣ್ಯ ಸಂಶೋಧನಾ ಸಂಸ್ಥೆಯಿದೆ. ಅದು ಸ್ಥಾಪನೆಯಾದುದು 1929ರಲ್ಲಿ. ತವರದ ಅದಿರಿಗಾಗಿ ಅಗೆದು ಬರಡಾಗಿದ್ದ ನೆಲದಲ್ಲಿ ಅಂದಿನವರು ಸಸಿಗಳನ್ನು ನೆಟ್ಟರು. ಇಂದು ಅದು ದಟ್ಟ ಕಾಡು. ಮನುಷ್ಯನ ಕೈಯಿಂದ ಎದ್ದ ಈ ಕಾಡಿನಲ್ಲಿ ನಮಗೆ ಅತ್ಯಂತ ಪ್ರಿಯವಾದುದು 'ಕಾಪುರ್' ಮರಗಳ ತಾಣ. ಅಲ್ಲಿ ನಿಂತು ತಲೆಯೆತ್ತಿದರೆ, ಒಂದು ಮರದ ನೆತ್ತಿ ಇನ್ನೊಂದರ ನೆತ್ತಿಯನ್ನು ಮುಟ್ಟುವುದೇ ಇಲ್ಲ. ಎಲೆಗಳ ಗುಂಪುಗಳ ನಡುವೆ ಬೆಳಕಿನ ಕಾಲುವೆಗಳು ಹರಿದಂತೆ ತೋರುತ್ತದೆ. ನೆರೆಯ ಮರದ ನೆರಳು ಸಮೀಪಿಸಿದಾಗ ಚಿಗುರಿನ ತುದಿ ತಾನಾಗಿಯೇ ಬೆಳೆಯುವುದನ್ನು ನಿಲ್ಲಿಸುತ್ತದೆಂಬುದು ವಿಜ್ಞಾನಿಗಳು ನೀಡುವ ವಿವರಣೆಗಳಲ್ಲೊಂದು. ನೆರೆಯವನ ಹಕ್ಕಿನ ಬಗ್ಗೆ ಪ್ರವಚನ ಮಾಡುವ ನಮಗೆ ಈ ಮರದ ಮುಂದೆ ಮಾತು ಹೊರಡುವುದಿಲ್ಲ.

ಆ ಹೆಸರನ್ನು ಗಮನಿಸಿರಿ. ಮಲಯ ಭಾಷೆಯ ಕಾಪುರ್, ಅರಬಿಯ ಕಾಫೂರ್, ನಮ್ಮ ಕರ್ಪೂರ. ಈ ಮರದ ಒಡಲಲ್ಲಿ ಹರಳುಗಟ್ಟುವ ಕರ್ಪೂರವನ್ನು ಸುಮಾತ್ರಾದ ಬಾರೂಸ್ ಬಂದರಿನಿಂದ ಅರಬ್ ವರ್ತಕರು ಶತಮಾನಗಳ ಕಾಲ ಹೊತ್ತೊಯ್ದರು. ಸ್ವರ್ಗದ ಪಾನೀಯದ ಪ್ರಸ್ತಾಪ ಬರುವಲ್ಲಿ, ಸೂರಃ ಅಲ್‌ಇನ್ಸಾನ್‌ನಲ್ಲಿ, ಕಾಫೂರ್‌ನ ಹೆಸರಿದೆ. ಸ್ವರ್ಗದ್ದು ಬೇರೆ, ಭೂಮಿಯದ್ದು ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾದಿವರ್ಯರು(ಸ) ತಮ್ಮ ಮಗಳ ಮಯ್ಯಿತ್‌ಗೆ ಸ್ನಾನ ಮಾಡಿಸುವಾಗ ಕೊನೆಯ ನೀರಿಗೆ ಕಾಫೂರ್ ಬೆರೆಸಲು ಸೂಚಿಸಿದ್ದರು. ಇಂದಿಗೂ ನಮ್ಮ ಮನೆಗಳಲ್ಲಿ ಆ ನೀರಿಗೆ ಕರ್ಪೂರ ಬೀಳುತ್ತದೆ. ಈಗಿನ ಕರ್ಪೂರ ಹೆಚ್ಚಾಗಿ ಕಾರ್ಖಾನೆಯದ್ದೆಂಬುದು ನಿಜ. ಆದರೂ ನಮ್ಮ ತಂದೆಯವರ ಸ್ನಾನದ ನೀರಿನಲ್ಲಿದ್ದ ಆ ಪರಿಮಳದ ಹೆಸರಿನ ಮರ ಇದೇ ಎಂದು ತಿಳಿದಂದಿನಿಂದ, ಪರದೇಶದ ಕಾಡು ನಮಗೆ ಪರಕೀಯವಾಗಿ ಉಳಿದಿಲ್ಲ.

ಇನ್ನು ತಾಳೆಯ ಮಾತು. ಪಶ್ಚಿಮ ಆಫ್ರಿಕಾ ಮೂಲದ ಈ ಮರದ ಮೊದಲ ವಾಣಿಜ್ಯ ತೋಟ ಇಲ್ಲಿ ಆರಂಭವಾದುದು 1917ರಲ್ಲಿ, ಸೆಲಂಗೋರ್‌ನ ತೆನ್ನಮಾರಂನಲ್ಲಿ. ಈಗ ತಾಸುಗಟ್ಟಲೆ ಪ್ರಯಾಣಿಸಿದರೂ ಮುಗಿಯದ ಸಾಲುಗಳು. ದೂರದಿಂದ ಸುಂದರವೇ. ಒಳಹೊಕ್ಕರೆ ಹಕ್ಕಿಗಳ ದನಿ ವಿರಳ, ಮರಗಳೆಲ್ಲವೂ ಒಂದೇ ಜಾತಿ, ಒಂದೇ ಎತ್ತರ. ಅಡಿಕೆ, ರಬ್ಬರ್ ತೋಟಗಳ ನಡುವೆ ಬೆಳೆದ ನಮಗೆ ಕಾಡಿಗೂ ತೋಟಕ್ಕೂ ಇರುವ ಅಂತರ ತಿಳಿಯದ್ದೇನಲ್ಲ. ಆದರೆ ತಾಳೆಯನ್ನು ಹಳಿಯಲು ಹೊರಟರೆ ನಾಲಗೆ ತಡವರಿಸುತ್ತದೆ. ನಮ್ಮ ಮನೆಯ ಸಂಬಳ ಬರುವುದು ತಾಳೆ ಎಣ್ಣೆಯ ಗಿರಣಿಗಳಿಗೆ ಯಂತ್ರ ಒದಗಿಸುವ ಕೆಲಸದಿಂದ. ಊರಿನ ನೆಂಟರ ಬಾಣಲೆಯಲ್ಲಿ ಕಾಯುವುದೂ ಹಲವು ಬಾರಿ ಅದೇ ಎಣ್ಣೆ. ಸಣ್ಣ ಹಿಡುವಳಿಯ ಎಷ್ಟೋ ಮಲಯ ಕುಟುಂಬಗಳು ಅದರಿಂದಲೇ ಮಕ್ಕಳನ್ನು ಓದಿಸಿವೆ, ಹಜ್ಜ್ ನೆರವೇರಿಸಿವೆ. ಕಾಡನ್ನು ಹೊಗಳಿ ತೋಟವನ್ನು ತೆಗಳುವುದು ಪ್ರವಾಸಿಗೆ ಸುಲಭ. ಆ ಸೌಲಭ್ಯ ನಮಗಿಲ್ಲ.

2015ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುಮಾತ್ರಾದ ಜೌಗುನೆಲದ ಬೆಂಕಿಯ ಹೊಗೆ ಸಮುದ್ರ ದಾಟಿ ನಮ್ಮನ್ನು ಮುಸುಕಿತು. ತೋಟಗಳಿಗಾಗಿ ನೆಲವನ್ನು ಸುಟ್ಟು ತೆರವು ಮಾಡುವುದು ಆ ಬೆಂಕಿಯ ಮುಖ್ಯ ಕಾರಣಗಳಲ್ಲೊಂದು. ಶಾಲೆಗಳು ಮುಚ್ಚಿದವು. ಸೂರ್ಯ ಹಗಲಿನಲ್ಲಿಯೇ ತಾಮ್ರದ ಬಿಲ್ಲೆಯಂತಾದ. ಕೆಪೋಂಗ್‌ನ ಹಿಂದಿನ ಬೆಟ್ಟಗಳು ವಾರಗಟ್ಟಲೆ ಕಾಣಿಸಲಿಲ್ಲ. ನಮ್ಮ ಬಡಾವಣೆಯ ಮಸೀದಿಯಲ್ಲಿ ಮಳೆಗಾಗಿ ಪ್ರಾರ್ಥಿಸಲಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಸಾಲುಗಳಲ್ಲಿ ತೋಟದ ಕೂಲಿಗಳಿದ್ದರು, ಗುತ್ತಿಗೆದಾರರಿದ್ದರು, ನಾವೂ ಇದ್ದೆವು. ಕಡೆಗೊಂದು ಮಧ್ಯಾಹ್ನ ಮಳೆ ಸುರಿಯಿತು. ಆ ದಿನ ಮಕ್ಕಳಿಗೆ ಕೈ ಚಾಚಲು ನಾವು ಹೇಳಬೇಕಾಗಿ ಬರಲಿಲ್ಲ.