ಹುಳುಮನೆಯ ಸುಣ್ಣದ ಗೋಡೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ ಗೆಳೆಯ ಫೋನ್ ಮಾಡಿದ್ದ. ‘ರೇಷ್ಮೆಹುಳ ಹಣ್ಣಾಗ್ತಿದೆ, ಶನಿವಾರ ಬಂದ್ಬಿಡು. ಅಜ್ಜಿದು ಒಂದು ಒಳ್ಳೇ ಫೋಟೊ ತೆಗೆದುಕೊಡು.’

ಅಜ್ಜಿಯ ಫೋಟೊಗಳಿಗೆ ಅವರ ಮನೆಯಲ್ಲಿ ಬರವಿಲ್ಲ. ಆದರೆ ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಫ್ಲ್ಯಾಶ್ ಮಿಂಚಿದ ಗಳಿಗೆಗೆ ಸರಿಯಾಗಿ ಅಜ್ಜಿ ಕಣ್ಣು ಮುಚ್ಚಿರುತ್ತಾರೆ! ನಾನೂ ಆಗಷ್ಟೇ ಒಂದು ಫ್ಲ್ಯಾಶ್ ಕೊಂಡಿದ್ದೆ. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವಂಥದ್ದು, ತಲೆ ಅತ್ತಿತ್ತ ತಿರುಗುವಂಥದ್ದು. ಕತ್ತಲ ಭಯ ಇನ್ನಿಲ್ಲ ಎಂಬ ಧೈರ್ಯದಲ್ಲಿ ಬೆಂಗಳೂರಿನಿಂದ ಹೊರಟೆ.

ದಾರಿಯಲ್ಲಿ ನಂದಿಬೆಟ್ಟದ ತಪ್ಪಲಿನ ನಂದಿ ಗ್ರಾಮದಲ್ಲಿ ಇಳಿದೆ. 9ನೇ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರ ದೇವಾಲಯ ಇಲ್ಲಿದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಅದರ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಕುಸುರಿ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯದು.

ಕಾವಲಿನವರನ್ನು ಕೇಳಿಕೊಂಡು ಒಂದು ಕಂಬಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದೆ. ನಡುವೆ ಬಿಳಿ ಮಚ್ಚೆ, ಸುತ್ತ ಚಪ್ಪಟೆ ಕಲ್ಲು. ಶಿಲ್ಪಿ ಅಷ್ಟು ಆಳವಾಗಿ ಕೆತ್ತಿದ್ದೆಲ್ಲ ಅಳಿಸಿಹೋದಂತಿತ್ತು! ಫ್ಲ್ಯಾಶ್ ಆರಿಸಿ ನೋಡಿದೆ. ಪಕ್ಕದಿಂದ ಬರುತ್ತಿದ್ದ ಸಂಜೆ ಬಿಸಿಲಿಗೆ ಒಂದೊಂದು ಗೀರಿಗೂ ಸಣ್ಣ ನೆರಳು ಮೂಡಿ ಕೆತ್ತನೆ ಎದ್ದು ಕಾಣುತ್ತಿತ್ತು. ಉಬ್ಬುತಗ್ಗು ಕಾಣಿಸುವುದು ನೆರಳು. ಎದುರಿನಿಂದ ಬೀಳುವ ಬೆಳಕು ಆ ನೆರಳನ್ನೇ ಒರೆಸಿಹಾಕುತ್ತದೆ.

ಚಿಕ್ಕಬಳ್ಳಾಪುರ ದಾಟಿ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟಗಳ ನಡುವೆ ಸಾಗಿ ಹಳ್ಳಿ ಸೇರುವಾಗ ಕತ್ತಲಾಗಿತ್ತು. ಹುಳುಮನೆಯ ಬಾಗಿಲಲ್ಲೇ ಹಸಿ ಸೊಪ್ಪಿನ ವಾಸನೆ. ಒಂದೇ ಒಂದು ಹಳದಿ ಬಲ್ಬಿನ ಕೆಳಗೆ ಅಜ್ಜಿ ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ನಾಲ್ಕು ಸಲ ಪೊರೆ ಬಿಟ್ಟು, ಮೂರೂವರೆ ವಾರ ಸೊಪ್ಪು ಮೇದ ಹುಳ ಈಗ ತಿನ್ನುವುದನ್ನು ನಿಲ್ಲಿಸಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಬಿದಿರಿನ ಚಂದ್ರಿಕೆಯ ಸುರುಳಿ ಸಂದುಗಳೇ ಆ ಜಾಗ.

ಕ್ಯಾಮೆರಾ ಎತ್ತಿ ಒತ್ತಿಯೇಬಿಟ್ಟೆ. ‘ಅಯ್ಯೋ, ಏನಪ್ಪಾ ಇದು, ಸಿಡಿಲು ಹೊಡೆದಂಗೆ!’ ಎಂದು ಅಜ್ಜಿ ಕಣ್ಣುಜ್ಜಿಕೊಂಡರು. ‘ಹುಳಕ್ಕೆ ಜೋರು ಬೆಳಕು ಆಗಲ್ಲ ಕಣಪ್ಪಾ.’

ಅದು ಬರೀ ಅಜ್ಜಿಯ ಕಾಳಜಿಯಲ್ಲ. ಗೂಡು ಕಟ್ಟುವಾಗ ಒಂದೇ ಕಡೆಯಿಂದ ಜೋರು ಬೆಳಕು ಬೀಳುತ್ತಿದ್ದರೆ ಹುಳಗಳು ಕತ್ತಲಿನ ಕಡೆ ಸರಿದು ಗುಂಪಾಗುತ್ತವೆ. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಕೊಂಡರೆ ಅದರ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಬೆಲೆಯೂ ಬರುವುದಿಲ್ಲ.

ತೆಗೆದ ಚಿತ್ರ ನೋಡಿದೆ. ಮುಂದಿನ ಹುಳಗಳು ಸೀಮೆಸುಣ್ಣದಂತೆ ಬೆಳ್ಳಗೆ, ಹಿಂದೆ ಕಗ್ಗತ್ತಲು, ನಡುವೆ ಕಣ್ಣು ಮುಚ್ಚಿದ ಅಜ್ಜಿ! ಫ್ಲ್ಯಾಶ್ ಬೆಳಕಿನ ಲೆಕ್ಕವೇ ಹಾಗೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಬೆಳಕನ್ನು ಸೂರಿಗೆ ಬಡಿಸಿ ಇಳಿಸಿಕೊಳ್ಳಬಹುದೆಂದು ಓದಿದ್ದೆ. ಆದರೆ ಇಲ್ಲಿ ಮೇಲಿರುವುದು ಮಸಿ ಹಿಡಿದ ಹೆಂಚು. ಕಪ್ಪು ಬಣ್ಣ ಬೆಳಕನ್ನು ನುಂಗಿಬಿಡುತ್ತದೆ. ಸುತ್ತ ನೋಡಿದೆ. ರೋಗ ತಗುಲದಿರಲೆಂದು ಹುಳುಮನೆಗೆ ಸುಣ್ಣ ಬಳಿದಿದ್ದರು. ಎಡಗಡೆಯೇ ಅಚ್ಚ ಬಿಳಿ ಗೋಡೆ! ಹಸಿರು ಗೋಡೆಯಾಗಿದ್ದರೆ ಅಜ್ಜಿಯ ಮುಖವೂ ಹಸಿರಾಗುತ್ತಿತ್ತು.

ಫ್ಲ್ಯಾಶಿನ ತಲೆಯನ್ನು ಆ ಗೋಡೆಗೆ ತಿರುಗಿಸಿದೆ. ಗೋಡೆಗೆ ಹೋಗಿ ಬರುವಷ್ಟರಲ್ಲಿ ಬೆಳಕು ಸೊರಗುವುದರಿಂದ ಐಎಸ್‌ಒ 1600ಕ್ಕೆ ಏರಿಸಿದೆ. ಬಲ್ಬಿನ ಹಳದಿಯೂ ಚಿತ್ರದಲ್ಲಿ ಉಳಿಯಲೆಂದು ಷಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಿದೆ. ‘ಅಜ್ಜಿ, ಇನ್ನೊಂದೇ ಒಂದು. ಈ ಸಲ ಗೋಡೆಗೆ ಹೊಡೀತೀನಿ’ ಎಂದೆ. ಅವರು ನಕ್ಕು, ನನ್ನನ್ನು ಮರೆತು ಕೆಲಸಕ್ಕೆ ತಿರುಗಿದರು. ಒಂದು ಹುಳವನ್ನು ಬೆರಳ ತುದಿಯಲ್ಲಿ ಎತ್ತಿ ಹಣ್ಣಾಗಿದೆಯೇ ಎಂದು ನೋಡುವಾಗ ಒತ್ತಿದೆ.

ಬೆಳಕು ಪಕ್ಕದಿಂದ, ಮೆತ್ತಗೆ ಬಂದಿತ್ತು. ಅಜ್ಜಿಯ ಕೆನ್ನೆಯ ಸುಕ್ಕುಗಳು ನಂದಿಯ ಕಂಬದ ಗೀರುಗಳಂತೆ ಒಂದೊಂದಾಗಿ ಕಾಣುತ್ತಿದ್ದವು. ಹಿಂದೆ ಸಾಲಾಗಿ ಒರಗಿಸಿದ ಚಂದ್ರಿಕೆಗಳು, ಮೂಲೆಯಲ್ಲಿ ಬೇಕಾದಷ್ಟು ಕತ್ತಲು. ಬೆರಳ ತುದಿಯ ಹುಳ ಜೇನಿನ ಬಣ್ಣಕ್ಕೆ ತಿರುಗಿತ್ತು.

ಕ್ಯಾಮೆರಾದ ಪರದೆಯನ್ನು ತೋರಿಸಿದೆ. ಅಜ್ಜಿ ಮೊದಲು ನೋಡಿದ್ದು ಹುಳವನ್ನು. ‘ಹಣ್ಣು ಸರಿಯಾಗೇ ಆಗಿದೆ’ ಎಂದರು. ಆಮೇಲೆ ಹತ್ತಿರ ಬಾಗಿ, ‘ಅರೆ, ಕಣ್ಣು ಬಿಟ್ಟಿದ್ದೀನಲ್ಲೋ!’ ಎಂದು ಮೊಮ್ಮಗನನ್ನು ಕೂಗಿ ಕರೆದರು.